ಮೂರನೆಯ ಕರೆ

ಕರಂಗ್‌ಸೊಕೊ ಎಂಬ ಊರಿನಲ್ಲಿ ಚಹಾದ ಲೋಟ ಮುಂದಿಟ್ಟ ಕೂಡಲೇ ಕೈಚಾಚುವವನನ್ನು ಯಾರೂ ಬೈಯುವುದಿಲ್ಲ. ಅವನು ಎದ್ದು ಹೋದ ಮೇಲೆ, ‘ಪಾಪ, ಮನೇಲಿ ಹೇಳಿಕೊಡೋರು ಇರಲಿಲ್ಲ ಅಂತ ಕಾಣುತ್ತೆ’ ಅನ್ನುತ್ತಾರೆ, ಅಷ್ಟೆ. ಅದಕ್ಕಿಂತ ಮುಖಕ್ಕೆ ಬೈದರೇ ವಾಸಿ. ಮೊದಲ ಸಲ ಕರೆದಾಗ ‘ಇರಲಿ ಬಿಡಿ’ ಅನ್ನಬೇಕು. ಎರಡನೆಯ ಸಲ ‘ಈಗಷ್ಟೇ ಆಯ್ತು’ ಅನ್ನಬೇಕು, ಹೊಟ್ಟೆ ತಾಳ ಹಾಕುತ್ತಿದ್ದರೂ ಸರಿಯೆ. ಮೂರನೆಯ ಸಲ ಕರೆದಾಗ, ಏನೋ ನಿಮ್ಮ ಬಲವಂತಕ್ಕೆ ಅನ್ನುವ ಹಾಗೆ ಲೋಟ ಎತ್ತಿಕೊಳ್ಳಬೇಕು. ಕರೆಯುವವರಿಗೂ ಇದು ಗೊತ್ತು. ಎರಡು ಸಲ ಕರೆದು ಸುಮ್ಮನಾದವನಿಗೆ ಕೊಡುವ ಮನಸ್ಸಿರಲಿಲ್ಲ ಎಂದೇ ಅರ್ಥ. ಅದೂ ಎಲ್ಲರಿಗೂ ಗೊತ್ತು.

ಮರ್ಸುದಿಗೆ ಇದನ್ನು ಕಲಿಸಿದವಳು ಜುಮಿರಾ ಅಜ್ಜಿ. ಅವನಿಗೆ ರಕ್ತಸಂಬಂಧದ ಅಜ್ಜಿಯೇನಲ್ಲ, ಊರಿಗೆಲ್ಲ ಅಜ್ಜಿ. ಊರಿನ ಪ್ರತಿ ಹರಕೆಯೂಟಕ್ಕೂ ನಡುವೆ ಇಡುವ ಅನ್ನದ ಗೋಪುರ ಕಟ್ಟುತ್ತಿದ್ದವಳು ಅವಳೇ. ಮೂಗು ಸುರಿಸಿಕೊಂಡು ಓಡಾಡುವ ವಯಸ್ಸಿನಲ್ಲಿ ಅವನು ಅವಳ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕರಿದ ಬಾಳೆಹಣ್ಣನ್ನು ಒಂದೇ ಕರೆಗೆ ಬಾಚಿಕೊಂಡಿದ್ದ. ಅಜ್ಜಿ ತಟ್ಟೆಯನ್ನು ಹಿಂದಕ್ಕೆಳೆದು, “ಏನೋ ಇದು, ಕಾಗೆ ಥರ? ಬೇಡ ಅನ್ನು,” ಅಂದಿದ್ದಳು.

“ನಂಗೆ ಬೇಕು.”

“ಬೇಕು ಅಂತ ಗೊತ್ತು ಕಣೋ. ಅದಕ್ಕೇ ಬೇಡ ಅನ್ನು. ಎರಡು ಸಲ ಅನ್ನು. ಮೂರನೇ ಸಲ ನಾನು ಕರೀತೀನಲ್ಲ, ಆಗ ತಗೋ.”

“ಮೂರನೇ ಸಲ ಕರೀದೇ ಇದ್ರೆ?”

ಅಜ್ಜಿ ಸೌಟು ಹಿಡಿದುಕೊಂಡು ನಕ್ಕಿದ್ದಳು. “ಕರೀದೇ ಇರೋರು ಮನುಷ್ಯರೇನೋ?”

ಆ ಮಾತು ಅವನ ಬೆನ್ನು ಬಿಟ್ಟಿಲ್ಲ.

ಈಗ ಮರ್ಸುದಿಗೆ ಐವತ್ತು ದಾಟಿದೆ. ಗೆಂಡೋಲ್ ಹೊಳೆಯಿಂದ ಮರಳು ತುಂಬಿಕೊಂಡು ಪೇಟೆಗೆ ಸಾಗಿಸುವ ಲಾರಿ ಅವನದು. ಬೆಂಕಿ ಉಗುಳುವ ಬೆಟ್ಟ ಕೊಡುವ ಮರಳನ್ನೇ ನಂಬಿ ಬದುಕುವ ಜನ, ಬೆಟ್ಟವನ್ನು ಹೆಸರು ಹಿಡಿದು ಕರೆಯುವುದಿಲ್ಲ. ಹೊರಗಿನವರಿಗೆ ಅದು ಮೆರಾಪಿ, ಇವರಿಗೆ ಅಜ್ಜ. ಅಜ್ಜ ಕೆಮ್ಮುತ್ತಾನೆ, ಅಜ್ಜನಿಗೆ ಏನೋ ಸಮಾರಂಭವಂತೆ, ಅಜ್ಜ ಈ ಸಲ ಕುರಿ ಬಿಟ್ಟ. ಮಗ್ಗುಲಲ್ಲಿ ಉರುಳಿಕೊಂಡು ಬರುವ ಸುಡುಬೂದಿಯ ಮೋಡಕ್ಕೆ ಅವರು ಉಣ್ಣೆ ಕುರಿ ಅನ್ನುತ್ತಾರೆ. ನೋಡುವುದಕ್ಕೆ ಹಾಗೇ ಇರುತ್ತದೆ. ಮುಟ್ಟಿ ನೋಡಿದವರು ಹೇಳುವುದಕ್ಕೆ ಉಳಿಯುವುದಿಲ್ಲ.

ಜುಮಿರಾ ಅಜ್ಜಿ ಉಳಿದಳು, ಅದೇ ಅವನ ಪಾಡು. ಸತ್ತಿದ್ದರೆ ಅತ್ತು ಮುಗಿಸಬಹುದಿತ್ತು. ಇಂಥ ಯೋಚನೆ ಬಂದಾಗಲೆಲ್ಲ ಮರ್ಸುದಿ ತನ್ನ ಬಗ್ಗೆ ತಾನೇ ಹೇಸಿಕೊಂಡಿದ್ದಾನೆ.

ಹತ್ತು ವರ್ಷದ ಹಿಂದಿನ ಮಾತು. ಅಜ್ಜ ಎದ್ದು ಕೂತು ಕೆಲವು ದಿನ ಆಗಿತ್ತು. ಊರಿಗೆ ಊರೇ ಕೆಳಗಿನ ಶಾಲೆಯ ಶಿಬಿರದಲ್ಲಿ ಮಲಗುವುದು, ಬೆಳಗಾದರೆ ಮೇಲೆ ಬಂದು ಹುಲ್ಲು ಕೊಯ್ದು ಹಸುಗಳಿಗೆ ಹಾಕಿ, ಹಾಲು ಕರೆದು, ಕತ್ತಲಾಗುವುದರೊಳಗೆ ಇಳಿಯುವುದು. ದನ ಇರುವವರಿಗೆ ಜೀವದ ಆಸೆಯೊಂದಿಗೆ ಹಾಲಿನ ಚಿಂತೆಯೂ ಇರುತ್ತದೆ. ಮೇಲಾಗಿ ದಕ್ಷಿಣದ ಕಡೆಗೆ ಕುರಿ ಬರುವುದಿಲ್ಲವೆಂದು ಹಿರಿಯರು ಹೇಳಿದ್ದರು. ದಕ್ಷಿಣ ಅಜ್ಜನ ಮನೆಯಂಗಳ, ತನ್ನ ಅಂಗಳವನ್ನು ಯಾರಾದರೂ ಗಲೀಜು ಮಾಡಿಕೊಳ್ಳುತ್ತಾರೆಯೇ? ಎಲ್ಲರೂ ನಂಬಿದ್ದರು, ಮರ್ಸುದಿಯೂ ನಂಬಿದ್ದ.

ಆ ದಿನ ಮಧ್ಯಾಹ್ನದಿಂದ ಬೆಟ್ಟದ ಸದ್ದು ನಿಲ್ಲಲಿಲ್ಲ. ನಾಲ್ಕು ಗಂಟೆಗೇ ಸಂಜೆಗತ್ತಲು. ಬೂದಿಯ ಜೊತೆ ಕಾಳಿನಷ್ಟು ದಪ್ಪದ ಕಲ್ಲು ಹೆಂಚಿನ ಮೇಲೆ ಬೀಳತೊಡಗಿತು. ಬಿದಿರ ಕೊರಡನ್ನು ಒಂದೇ ಸಮನೆ ಬಡಿದರು, ಊರು ಬಿಡಿ ಅನ್ನುವ ಬಡಿತ. ಮರ್ಸುದಿ ಖಾಲಿ ಲಾರಿ ತಂದು ದಾರಿಯಲ್ಲಿ ನಿಲ್ಲಿಸಿದ. ಹಿಂದುಗಡೆ ಹೆಂಗಸರು, ಮಕ್ಕಳು, ಆಡುಗಳು, ಹಾಸಿಗೆ ಸುರುಳಿಗಳು. ಮುಂದೆ ಅವನ ಹೆಂಡತಿ ಲಸ್ತ್ರಿ. ಅವಳ ಪಕ್ಕ, ಇನ್ನೊಬ್ಬರು ಕೂರುವ ಜಾಗದಲ್ಲಿ, ಅವನ ಹಕ್ಕಿಯ ಪಂಜರ.

ಆ ಹಕ್ಕಿಯ ವಿಷಯ ಹೇಳಬೇಕು. ಪುಟ್ಟ ಬೆಳವ, ಹಿಡಿಯಲ್ಲಿ ಹಿಡಿಯುವಷ್ಟು. ಮನೆ, ಹೆಂಡತಿ ಇದ್ದು ಕೂಗುವ ಹಕ್ಕಿಯೊಂದು ಇಲ್ಲದಿದ್ದರೆ ಗಂಡಸನ್ನು ಅರೆಪಾವು ಎಂದು ಎಣಿಸುವ ಸೀಮೆ ಅದು. ಈ ಬೆಳವ ಕೂಗುವ ಪಂದ್ಯದಲ್ಲಿ ಮೂರು ತಾಲೂಕಿನ ಹಕ್ಕಿಗಳನ್ನು ಸೋಲಿಸಿತ್ತು. ಮರ್ಸುದಿ ದಿನವೂ ಅದಕ್ಕೆ ತಾನೇ ನೀರು ಚಿಮುಕಿಸಿ ಸ್ನಾನ ಮಾಡಿಸುತ್ತಿದ್ದ. ‘ನಂಗೊಂದು ಕೊಡ ನೀರು ತಂದುಕೊಟ್ಟವರಲ್ಲ’ ಎಂದು ಲಸ್ತ್ರಿ ಆಡಿಕೊಳ್ಳುತ್ತಿದ್ದಳು.

ಅಜ್ಜಿಯ ಮನೆ ಊರ ಕೊನೆಗೆ, ಹೊಳೆ ತಿರುಗುವಲ್ಲಿ. ಲಾರಿ ಅಲ್ಲಿಗೆ ಬಂದಾಗ ಅವಳು ಬೇಲಿಯ ಬಾಗಿಲಲ್ಲೇ ನಿಂತಿದ್ದಳು. ಮದುವೆ ಮುಂಜಿಗೆ ತೊಡುವ ನೀಲಿ ಕುಪ್ಪಸ ಹಾಕಿದ್ದಳು, ತಲೆಗೆ ಒಗೆದ ವಸ್ತ್ರ ಕಟ್ಟಿದ್ದಳು. ಬಟ್ಟೆಯ ಗಂಟೊಂದು ಕೈಯಲ್ಲಿತ್ತು. ಲಾರಿಯ ದೀಪ ಬಿದ್ದದ್ದೇ ಅದನ್ನು ನಾಚಿಕೊಂಡು ಬೆನ್ನ ಹಿಂದೆ ಮಾಡಿದಳು. ಮರ್ಸುದಿ ಅದನ್ನು ನೋಡಿದ. ನೋಡಲಿಲ್ಲ ಎಂದು ಹೇಳಿಕೊಳ್ಳುವುದಕ್ಕೂ ಅವನಿಗೆ ದಾರಿಯಿಲ್ಲ.

ಎಂಜಿನ್ ನಿಲ್ಲಿಸದೆ ಕಿಟಕಿಯಿಂದ ಕೂಗಿದ. “ಅಜ್ಜೀ, ಬರ್ತೀರಾ?”

“ಇರಲಿ ಮಗಾ. ಗಾಡಿ ತುಂಬಿದೆ. ಮಕ್ಕಳುಮರಿ ಇರೋರು ಹೋಗಲಿ ಮೊದಲು.”

“ಜಾಗ ಇದೆ, ಬನ್ನಿ.”

“ಹಸೂಗೆ ಇನ್ನೂ ಹುಲ್ಲು ಹಾಕಿಲ್ಲ ಕಣಪ್ಪ. ನೀವು ನಡೀರಿ. ನಾನು ಹಿಂದೆ ಹೇಗೋ ಬರ್ತೀನಿ.”

ಎರಡಾಯಿತು. ಅಜ್ಜಿ ಒಂದು ಕಾಲು ಆಗಲೇ ಮುಂದಿಟ್ಟಿದ್ದಳು. ಅವಳ ವಯಸ್ಸಿಗೆ ಹಿಂದುಗಡೆ ಹತ್ತುವುದು ಆಗದ ಮಾತು, ಮುಂದೆಯೇ ಕೂರಿಸಬೇಕು. ಮರ್ಸುದಿ ಪಂಜರ ನೋಡಿದ. ಅದನ್ನು ಹಿಂದಕ್ಕೆ ಕೊಟ್ಟರೆ ಆಡುಗಳ ಕಾಲಡಿ ಬೂದಿಯಲ್ಲಿ ಹಕ್ಕಿ ಗಳಿಗೆ ಬಾಳುವುದಿಲ್ಲ. ಲಸ್ತ್ರಿ ತೊಡೆಯ ಮೇಲೆ ಇಟ್ಟುಕೊಳ್ಳಬಹುದಿತ್ತು, ಆದರೆ ಅಲ್ಲಿ ಪಾತ್ರೆಗಳ ಮೂಟೆ. ಪಾತ್ರೆ ಬಿಸಾಡಬಹುದಿತ್ತು. ಇಷ್ಟು ಲೆಕ್ಕ ಹಾಕುವುದಕ್ಕೆ ಅವನಿಗೆ ಸಮಯವಿತ್ತು, ಬಾಯಿ ತೆರೆಯುವುದಕ್ಕೆ ಇರಲಿಲ್ಲ. ಅಜ್ಜಿಯೂ ಪಂಜರ ನೋಡಿದಳು. ಹಿಂದಿನಿಂದ ಯಾರೋ ಲಾರಿಯ ತಲೆಗೆ ಗುದ್ದಿ, “ಹೊರಡೋ ಮಾರಾಯ,” ಅಂದರು.

“ಸರಿ ಅಜ್ಜಿ, ಹುಷಾರು,” ಅಂದು ಮರ್ಸುದಿ ಗೇರು ಹಾಕಿದ. ಕನ್ನಡಿಯಲ್ಲಿ ನೋಡಿದಾಗ, ಗಂಟು ಬೆನ್ನ ಹಿಂದಿನಿಂದ ಮುಂದಕ್ಕೆ ಬಂದಿತ್ತು. ಅವಳು ಅದನ್ನು ಎದೆಗೆ ಹಿಡಿದುಕೊಂಡು ಲಾರಿಯ ಹಿಂದೆ ನಾಲ್ಕು ಹೆಜ್ಜೆ ಬಂದು ನಿಂತಳು.

ಅಜ್ಜ ತನ್ನ ಅಂಗಳಕ್ಕೇ ಕುರಿ ಬಿಟ್ಟ. ಬೆಳಗಾಗುವುದರೊಳಗೆ ಗೆಂಡೋಲ್ ಹೊಳೆ ತುಂಬಿ, ಅರ್ಧ ಕರಂಗ್‌ಸೊಕೊ ಬೂದಿಯ ಕೆಳಗೆ ಹೋಗಿತ್ತು. ನಡೆದು ಇಳಿಯುತ್ತಿದ್ದ ಅಜ್ಜಿಗೆ ಕುರಿಯ ಅಂಚು ತಗಲಿತ್ತು. ಮಸೀದಿಯ ನೀರುತೊಟ್ಟಿಯ ಹಿಂದೆ ಬಿದ್ದಿದ್ದವಳನ್ನು ಸೈನಿಕರು ಎತ್ತಿ ತಂದರು. ಈ ಸುದ್ದಿ ಶಿಬಿರಕ್ಕೆ ಬಂದಾಗ ಮರ್ಸುದಿ ಅನ್ನದ ಪೊಟ್ಟಣಕ್ಕೆ ಸಾಲಿನಲ್ಲಿ ನಿಂತಿದ್ದ. ಶಾಲೆಯ ಜಗಲಿಯಲ್ಲಿ ನೇತುಹಾಕಿದ್ದ ಅವನ ಬೆಳವ ಕೂಗುತ್ತಿತ್ತು. ಜನ ಪಾಪ, ಮನೆಮಾರು ಕಳೆದುಕೊಂಡವರು, ಅದರ ಸುತ್ತ ಕೂತು ಕೇಳುತ್ತಿದ್ದರು. “ಎಂಥ ಗಂಟಲು ಮರ್ಸುದಿ, ಇದೊಂದಾದರೂ ಉಳೀತಲ್ಲ,” ಅಂದರು ಒಬ್ಬರು. ಅವನು ಪೊಟ್ಟಣ ತೆಗೆದುಕೊಳ್ಳದೆ ಸಾಲು ಬಿಟ್ಟು ಹೋದ.

ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು ಅಜ್ಜಿ ಹಿಂದಿರುಗಿದಳು. ಬಲಗೈಯ ಮೂರು ಬೆರಳು ಒಂದಕ್ಕೊಂದು ಅಂಟಿ ಒಂದೇ ಆಗಿದ್ದವು. ಅಂಗಾಲು ಗಟ್ಟಿಯಾಗಿ ನಡಿಗೆ ಬಾತುಕೋಳಿಯದಾಗಿತ್ತು. ಹಾಗೆಂದು ನಗುತ್ತಿದ್ದವಳು ಅವಳೇ. ಸರ್ಕಾರ ಕೆಳಗೆ ಮನೆ ಕೊಟ್ಟರೂ ಒಲ್ಲದೆ, ಕೆಲವರ ಜೊತೆ ಮೇಲಕ್ಕೇ ಬಂದು ಹಳೆಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಳು.

ಏನಾಯಿತು ಅಜ್ಜಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ. “ಮರ್ಸುದಿ ಕರೆದ. ಪಾಪ, ಅಂಥಾ ಹೊತ್ತಲ್ಲೂ ಗಾಡಿ ನಿಲ್ಲಿಸಿ ಕರೆದ. ನಾನೇ ಒಲ್ಲೆ ಅಂದೆ.” ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಎಷ್ಟು ಸಲ ಕರೆದ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಪೇಟೆಯ ಜನರಿಗೆ ಇಷ್ಟು ಸಾಕಾಯಿತು. ಪ್ರತಿ ವರ್ಷ ನೆನಪಿನ ದಿನಕ್ಕೆ ಬರುವ ಮೇಷ್ಟ್ರೊಬ್ಬರು ಅವಳಿಗೆ ‘ಬೆಟ್ಟ ಬಿಡದ ಅಜ್ಜಿ’ ಎಂದು ಹೆಸರಿಟ್ಟರು. ಎಂಥ ಭಕ್ತಿ, ಎಂಥ ಧೈರ್ಯ ಎಂದು ಮೈಕಿನಲ್ಲಿ ಕೊಂಡಾಡಿದರು. ಪಕ್ಕದಲ್ಲಿ ಮರ್ಸುದಿಯನ್ನೂ ನಿಲ್ಲಿಸಿ, ಲಾರಿ ತುಂಬ ಜನರನ್ನು ಉಳಿಸಿದ ಪುಣ್ಯಾತ್ಮ ಎಂದು ಚಪ್ಪಾಳೆ ಹೊಡೆಸಿದರು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು ಅವನಿಗೆ. ಆ ಊರಿನಲ್ಲಿ ಹಾಗೆ ಅಂದುಕೊಳ್ಳುವುದಕ್ಕೂ ಹೆದರಬೇಕು. ಚಪ್ಪಾಳೆ ಮುಗಿಯುವವರೆಗೆ ಅಜ್ಜಿ ಅಂಟಿದ ಬೆರಳುಗಳ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

ಹಕ್ಕಿಯನ್ನು ಅವನು ಹೊಳೆಯಾಚೆಯ ಭಾವನಿಗೆ ಕೊಟ್ಟುಬಿಟ್ಟ. ಲಸ್ತ್ರಿ ಯಾಕೆಂದು ಕೇಳಲಿಲ್ಲ. ಖಾಲಿ ಪಂಜರವನ್ನು ಅವಳೇ ಒಲೆಗೆ ಹಾಕಿದಳು. ಆ ಸಂಜೆ ಲಾರಿಯಲ್ಲಿ ಅವಳೂ ಇದ್ದಳು, ಅವಳೂ ಬಾಯಿ ಬಿಟ್ಟಿರಲಿಲ್ಲ. ಗಂಡ ಹೆಂಡತಿ ಆ ಮಾತನ್ನು ಇವತ್ತಿನವರೆಗೆ ಎತ್ತಿಲ್ಲ.

ಮರ್ಸುದಿ ಅಜ್ಜಿಯ ಗುಡಿಸಲಿಗೆ ಮರಳು ಹಾಕಿಸಿದ, ಗೋಡೆ ಕಟ್ಟಿಸಿದ, ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿದ. ಹೋದಾಗಲೆಲ್ಲ ಅಜ್ಜಿ ಚಹಾ ಮಾಡಿ ಎಡಗೈಯ ಆಸರೆಯಲ್ಲಿ ಲೋಟ ತಂದಿಡುವಳು.

“ಕುಡಿ ಮಗಾ.”

“ಇರಲಿ ಅಜ್ಜಿ.”

“ಕುಡಿ, ಆರಿಹೋಗುತ್ತೆ.”

“ಈಗಷ್ಟೇ ಕುಡಿದು ಬಂದೆ.”

“ಕುಡಿಯಪ್ಪ.”

ಮೂರನೆಯ ಸಲ ಕರೆಯುವಾಗ ಅಜ್ಜಿ ಅವನ ಮುಖ ನೋಡುತ್ತಿದ್ದಳು. ಅಷ್ಟೇ. ಒಂದು ಸಲವೂ ಮರೆತವಳಲ್ಲ. ಒಂದು ದಿನ ಇವಳು ಎರಡಕ್ಕೇ ನಿಲ್ಲಿಸಿಬಿಡಲಿ, ಲೆಕ್ಕ ಸಮವಾಗಲಿ ಎಂದು ಅವನು ಕಾಯುತ್ತಿದ್ದ. ಕೊನೆಗೆ ಲೋಟ ಎತ್ತಿ ಕುಡಿಯುತ್ತಿದ್ದ.

ಬಾಯಿಬಿಟ್ಟು ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ಸೀಮೆಯಲ್ಲಿ ಅದು ಆಗುವುದಿಲ್ಲ. ‘ಅಜ್ಜಿ, ಅವತ್ತು ನಾನು ಬೇಕೆಂದೇ ಮೂರನೇ ಸಲ ಕರೀಲಿಲ್ಲ’ ಅಂದರೆ, ‘ಅವತ್ತು ನಿಮಗೆ ಬರುವ ಆಸೆ ಇತ್ತು, ಬೇಡ ಅಂದದ್ದು ಬರೀ ಬಾಯಿಮಾತು’ ಎಂದು ಅವಳ ಮುಖಕ್ಕೇ ಹೇಳಿದ ಹಾಗೆ. ಬೆಟ್ಟ ಬಿಡದ ಅಜ್ಜಿಯ ಮಾನ ತೆಗೆದ ಹಾಗೆ. ಒಂದು ತಪ್ಪಿನ ಮೇಲೆ ಇನ್ನೊಂದು. ಅವನಿಗೆ ಕಂಡದ್ದು ಒಂದೇ ದಾರಿ. ಅಜ್ಜ ಮತ್ತೆ ಏಳಬೇಕು. ತಾನು ಮತ್ತೆ ಅದೇ ಬೇಲಿಯ ಬಾಗಿಲಲ್ಲಿ ಲಾರಿ ನಿಲ್ಲಿಸಬೇಕು. ಅವಳು ಎರಡು ಸಲ ಬೇಡ ಅನ್ನಬೇಕು, ತಾನು ಮೂರನೆಯ ಸಲ ಕರೆಯಬೇಕು. ಊರಿಗೆ ಕೇಡು ಬರಲಿ ಎಂದು ಕಾಯುತ್ತಿದ್ದೇನಲ್ಲ ಎಂದು ಅದಕ್ಕೂ ನಾಚಿಕೆಪಟ್ಟ.

ಅಜ್ಜ ಎದ್ದ. ಒಂದು ಬೆಳಿಗ್ಗೆ ತುದಿಯಲ್ಲಿ ಹೊಗೆ ದಪ್ಪಗಾಯಿತು, ಹಸುಗಳು ಮೇವು ಬಿಟ್ಟು ನಿಂತವು. ಮಧ್ಯಾಹ್ನದ ಹೊತ್ತಿಗೆ ಊರಿನ ಮುಖ್ಯಸ್ಥ ಸುಗೆಂಗ್ ಮನೆಮನೆಗೂ ಬಂದ. ಮುದುಕರು, ಬಸುರಿಯರು, ಮಕ್ಕಳು ಮೊದಲು ಇಳಿಯಬೇಕಂತೆ, ಉಳಿದವರು ತಯಾರಾಗಿರಬೇಕಂತೆ.

“ಮರ್ಸುದಿ, ಹೊಳೆ ತಿರುವಿನ ಕಡೆ ನೀನು ಹೋಗಪ್ಪ. ಜುಮಿರಾ ಅಜ್ಜಿ ಅಲ್ಲಾಡೋ ಪೈಕಿ ಅಲ್ಲ. ಪೊಲೀಸರು ಹೋದ್ರೆ ಅವರಿಗೂ ಚಹಾ ಕುಡಿಸಿ ವಾಪಸ್ ಕಳಿಸ್ತಾರೆ. ನೀನಾದ್ರೆ ಏನಾದ್ರೂ ಆಗಬಹುದು.”

“ನಾನೇ ಹೋಗ್ತೀನಿ ಯಜಮಾನ್ರೇ. ಬೇರೆ ಯಾರನ್ನೂ ಕಳಿಸ್ಬೇಡಿ,” ಅಂದ ಮರ್ಸುದಿ. ಅವನ ದನಿ ಕೇಳಿ ಸುಗೆಂಗ್ ತಿರುಗಿ ನೋಡಿದ.

ಲಾರಿಯ ಮುಂದುಗಡೆ ಇದ್ದ ಹಳೇ ಹಗ್ಗ, ಜಾಕು, ಬಾಟಲಿ ಎಲ್ಲ ತೆಗೆದು ಹೊರಗೆಸೆದ. ಸೀಟು ಒರೆಸಿದ. ಮನೆಯಲ್ಲಿದ್ದ ಒಳ್ಳೆಯ ಹೊದಿಕೆಯನ್ನು ಮಡಿಸಿ ಹಾಸಿದ. ಹತ್ತುವುದಕ್ಕೆ ಇರಲಿ ಎಂದು ಅಡುಗೆಮನೆಯ ಮಣೆ ತಂದಿಟ್ಟ.

“ಯಾರಿಗ್ರೀ ಇಷ್ಟೆಲ್ಲಾ? ಮದುವೆ ಹೆಣ್ಣಿಗಾ?” ಅಂದಳು ಲಸ್ತ್ರಿ. ಆಮೇಲೆ ಮಣೆ ನೋಡಿದಳು. “ನಾನು ಹಿಂದುಗಡೆ ಹತ್ಕೊತೀನಿ,” ಅಂದು ಪಾತ್ರೆಯ ಮೂಟೆಯನ್ನು ಅಲ್ಲೇ ಜಗಲಿಯ ಮೇಲೆ ಬಿಟ್ಟು ಬಂದಳು.

ದಾರಿಯುದ್ದಕ್ಕೂ ಮರ್ಸುದಿ ಮಾತು ಕಟ್ಟಿದ. ಮೊದಲ ಸಲ ಮಾಮೂಲಾಗಿ ಕರೆಯುವುದು. ಎರಡನೆಯ ಸಲ ಕೆಳಗಿಳಿದು ಕರೆಯುವುದು. ಮೂರನೆಯ ಸಲ ಕಾಲ ಬಳಿ ಕೂತು, ಅರಮನೆಯ ಹಿರಿಯರೊಂದಿಗೆ ಆಡುವಂಥ ಬಹು ಮರ್ಯಾದೆಯ ಮಾತಿನಲ್ಲಿ, ಊರೆಲ್ಲ ಕೇಳುವ ಹಾಗೆ ಕರೆಯುವುದು. ಆ ಮಾತುಗಳನ್ನು ಹತ್ತು ವರ್ಷ ಮನಸ್ಸಿನಲ್ಲಿ ತಿಕ್ಕಿ ಇಟ್ಟಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಈ ಭಾರ ಇಳಿಯುತ್ತದೆ ಎಂದು ಅವನಿಗೆ ಖಾತ್ರಿಯಿತ್ತು.

ಅಜ್ಜಿ ಬೇಲಿಯ ಬಾಗಿಲಲ್ಲಿ ಇರಲಿಲ್ಲ. ಜಗಲಿಯ ಮೇಲೆ ಕೂತು ಮರಗೆಣಸು ಸುಲಿಯುತ್ತಿದ್ದಳು, ಅಂಟಿದ ಬೆರಳುಗಳ ನಡುವೆ ಚಾಕು ಸಿಕ್ಕಿಸಿಕೊಂಡು. ಮರ್ಸುದಿ ಎಂಜಿನ್ ನಿಲ್ಲಿಸಿದ. ಹಿಂದುಗಡೆ ಇದ್ದವರೆಲ್ಲ ಏನಾಗುತ್ತದೆಂದು ಕತ್ತು ಚಾಚಿದರು.

“ಅಜ್ಜಿ, ಗಾಡಿ ತಂದಿದ್ದೀನಿ. ಬನ್ನಿ, ಕೆಳಗೆ ಹೋಗೋಣ.”

“ಹೂಂ, ನಡಿ,” ಅಂದಳು ಅಜ್ಜಿ.

ಚಾಕು ಕೆಳಗಿಟ್ಟು, ಬಾಗಿಲ ಹಿಂದಿನಿಂದ ಕಟ್ಟಿಟ್ಟ ಗಂಟು ತೆಗೆದುಕೊಂಡಳು. ಆ ಗಂಟನ್ನು ಮುಚ್ಚಿಡಲಿಲ್ಲ. ಬಾತುಕೋಳಿ ನಡಿಗೆಯಲ್ಲಿ ಲಾರಿಯ ಹತ್ತಿರ ಬಂದು ನಿಂತಳು. ಎರಡನೆಯ ಕರೆಗೆ ಇಳಿಯಲೆಂದು ಬಾಗಿಲು ತೆರೆದಿದ್ದ ಮರ್ಸುದಿಯ ಒಂದು ಕಾಲು ಇನ್ನೂ ಲಾರಿಯಲ್ಲೇ ಇತ್ತು. ಹಿಂದುಗಡೆ ಜನ ಹೋ ಎಂದು ನಕ್ಕರು. “ಬೆಟ್ಟ ಬಿಡದ ಅಜ್ಜಿ ಒಂದೇ ಮಾತಿಗೆ ಬಿಟ್ಟುಬಿಟ್ರಲ್ಲ,” ಅಂದ ಒಬ್ಬ. “ಮರ್ಸುದಿ ಕರೆದ್ರೆ ಸುಮ್ನೇನಾ?” ಅಂದ ಇನ್ನೊಬ್ಬ. ಲಸ್ತ್ರಿ ಮಾತ್ರ ನಗಲಿಲ್ಲ. ಮಣೆಯನ್ನು ಹಿಡಿದು ಅಜ್ಜಿಯನ್ನು ಹತ್ತಿಸಿದವಳು ಅವಳೇ.

ಇಳಿಜಾರಿನಲ್ಲಿ ಅಜ್ಜಿ ಹೊದಿಕೆಯನ್ನು ಸವರಿ, “ಒಳ್ಳೇ ಬಟ್ಟೆ ಹಾಳು ಮಾಡಿದ್ಯಲ್ಲೋ,” ಅಂದಳು. ಅವನು ರಸ್ತೆ ನೋಡುತ್ತಾ ಹೂಂ ಅಂದ. ಉಳಿದ ಎರಡು ಕರೆ ಅವನ ಗಂಟಲಲ್ಲೇ ಇದ್ದವು.

ಶಿಬಿರದಲ್ಲಿ ಸ್ವಯಂಸೇವಕಿ ಹುಡುಗಿಯೊಬ್ಬಳು ಓಡಿಬಂದು, “ಅಜ್ಜಿ, ಗೋಡೆ ಪಕ್ಕ ಚಾಪೆ ಹಾಸಿದ್ದೀನಿ, ಅಲ್ಲಿ ಗಾಳಿ ಬರಲ್ಲ,” ಅಂದಳು.

“ಇರಲಿ ಮಗಳೇ, ಬಸುರಿ ಹೆಂಗಸರಿಗೆ ಕೊಡು.”

“ಅವರಿಗೂ ಇದೆ ಅಜ್ಜಿ.”

“ನಂಗೆ ಬಾಗಿಲ ಹತ್ರಾನೇ ಸಾಕು ಕಣಮ್ಮ.”

“ಬನ್ನಿ ಅಜ್ಜಿ, ನಂಗೋಸ್ಕರ.”

ಆಗ ಅಜ್ಜಿ ಎದ್ದಳು. ಅನ್ನದ ಪೊಟ್ಟಣ ಬಂದಾಗಲೂ ಅಷ್ಟೇ, ಬೇಡ, ಹಸಿವಿಲ್ಲ, ಆಮೇಲೆ ಏನೋ ನಿನ್ನ ಬಲವಂತಕ್ಕೆ. ಸುಗೆಂಗ್ ಬಂದು ಸ್ವೆಟರ್ ಕೊಟ್ಟಾಗಲೂ ಹಾಗೇ. ಕಂಬದ ಪಕ್ಕ ನಿಂತು ಮರ್ಸುದಿ ಇದನ್ನೆಲ್ಲ ನೋಡಿದ. ಅಜ್ಜಿ ಏನನ್ನೂ ಮರೆತಿರಲಿಲ್ಲ. ಊರಿಗೆಲ್ಲ ಕಲಿಸಿದ ಮರ್ಯಾದೆ ಅವಳಲ್ಲಿ ಹಾಗೇ ಇತ್ತು.

ಅವನು ಅಡುಗೆಯ ಗುಡಾರಕ್ಕೆ ಹೋಗಿ ಒಂದು ಲೋಟ ಚಹಾ ತಂದ. ಅಜ್ಜಿಯ ಮುಂದೆ ಮಂಡಿಯೂರಿ ಕೂತು, “ಅಜ್ಜಿ, ಚಹಾ,” ಅಂದ.

ಅವಳು ಕೈಚಾಚಿ ತೆಗೆದುಕೊಂಡಳು, ಬಾಳೆಹಣ್ಣು ಬಾಚಿದ ಹುಡುಗನ ಹಾಗೆ.

ಮರ್ಸುದಿಗೆ ತಡೆಯಲಾಗಲಿಲ್ಲ. ಅಕ್ಕಪಕ್ಕದವರಿಗೆ ಕೇಳದಂತೆ, “ಒಂದ್ಸಲ ಬೇಡ ಅನ್ನಿ ಅಜ್ಜಿ,” ಅಂದ. “ನಿಮ್ಮ ಕಾಲಿಗೆ ಬೀಳ್ತೀನಿ. ಎರಡು ಸಲ ಬೇಡ ಅನ್ನಿ. ನಾನು ಕರೀತೀನಿ. ಈ ಸಲ ಕರೀತೀನಿ.”

ಅಜ್ಜಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವನನ್ನು ನೋಡಿದಳು. ಕಣ್ಣಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಚಿಕ್ಕಂದಿನಲ್ಲಿ ಅವನ ಮೂಗು ಒರೆಸುವಾಗಿನ ದನಿಯಲ್ಲೇ ಹೇಳಿದಳು.

“ನಿನ್ನ ಹತ್ರ ಬೇಡ ಅನ್ನೋಕೆ ನಂಗೆ ಭಯ ಆಗುತ್ತೆ ಮಗಾ.”

ಆಮೇಲೆ ಚಹಾ ಕುಡಿದಳು. ಕುಡಿದು ಮುಗಿಯುವವರೆಗೆ ಅವನು ಅಲ್ಲೇ ಕೂತಿದ್ದು, ಖಾಲಿ ಲೋಟ ತೆಗೆದುಕೊಂಡು ಹೋಗಿ ತೊಳೆದಿಟ್ಟ.